ಎರಡನೆಯ ಸೀಟಿನ ಕೆಂಪು ದಾರ

ಮೊನ್ನೆ ಕೊಯಮತ್ತೂರಿನ ಒಂದು ಕಾರಿನ ಶೋರೂಮಿಗೆ ಹೋಗಿದ್ದೆವು. ನಮಗೆ ಬೇಕಾಗಿದ್ದದ್ದು ತರಕಾರಿ ಚೀಲ, ಇಬ್ಬರು ಮಕ್ಕಳು, ಒಬ್ಬರು ಅತ್ತೆ ಹಿಡಿಯುವಂಥ ಸಣ್ಣ ಕಾರು. ಆದರೆ ಅಂಗಡಿಯ ನಟ್ಟನಡುವೆ ಒಂದು ಸ್ಪೋರ್ಟ್ಸ್ ಕಾರು ನಿಂತಿತ್ತು. ಬೇರೆ ಗಿರಾಕಿಗಳಿಲ್ಲದ ಬೇಸರಕ್ಕೋ ಏನೋ, ಟೈ ಕಟ್ಟಿದ್ದ ಹುಡುಗನೊಬ್ಬ ನಮ್ಮನ್ನು ಅದರೊಳಗೆ ಕೂರಿಸಿದ. ಒಳಗೆಲ್ಲ ಕಪ್ಪು ಚರ್ಮ. ಸೀಟಿನ ಅಂಚು, ಬಾಗಿಲು, ಸ್ಟಿಯರಿಂಗು, ಎಲ್ಲ ಕಡೆಯೂ ಆ ಕಪ್ಪಿನ ಮೇಲೆ ಕೆಂಪು ದಾರದ ಹೊಲಿಗೆ ಓಡಿತ್ತು.

"ಇದು ಕಾಂಟ್ರಾಸ್ಟ್ ಸ್ಟಿಚಿಂಗ್ ಮೇಡಂ. ಬೇಕು ಅಂದ್ರೆ ಎಕ್ಸ್‌ಟ್ರಾ ಆಗುತ್ತೆ."

ನಮ್ಮ ಯಜಮಾನರು ಬ್ಯಾಂಕಿನವರು. "ಕಪ್ಪು ದಾರ ಹಾಕೋ ಕಡೆ ಕೆಂಪು ದಾರ ಹಾಕಿದ್ರೆ ಎಕ್ಸ್‌ಟ್ರಾ ಯಾಕೆ? ದಾರ ಅಷ್ಟೇ ತಾನೇ?" ಎಂದರು. ಹುಡುಗ "ಲುಕ್ ಸರ್, ಲುಕ್" ಅಂದ. ನನಗೆ ಜೋರಾಗಿ ನಗು ಬಂದುಬಿಟ್ಟಿತು. ತಮ್ಮನ್ನೇ ನೋಡಿ ನಕ್ಕೆನೆಂದು ಇವರು ಮೆಟ್ಟುಪಾಳ್ಯದವರೆಗೂ ಮುಖ ಗಂಟಿಕ್ಕಿಕೊಂಡು ಬಂದರು. ನಿಜವಾಗಿ ನಾನು ನಕ್ಕದ್ದು ಅವರನ್ನು ನೋಡಿ ಅಲ್ಲ. ಇದೇ ಪ್ರಶ್ನೆಯ ಮೇಲೆ ನಮ್ಮ ಕೂನೂರಿನ ಮನೆಯಲ್ಲಿ ಹಿಂದೊಮ್ಮೆ ತಿಂಗಳುಗಟ್ಟಲೆ ಒಂದು ಮೌನಯುದ್ಧವೇ ನಡೆದಿತ್ತು. ಅದು ನೆನಪಾಗಿ ನಕ್ಕೆ.

ಅದನ್ನು ಹೇಳುವ ಮೊದಲು ನಮ್ಮ ಅಮ್ಮನ ಹೊಲಿಗೆಯ ವಿಚಾರ ಹೇಳಬೇಕು. ಹೊಲಿಗೆ ಕಾಣಬಾರದು ಎನ್ನುವುದು ಅಮ್ಮನ ಮಟ್ಟಿಗೆ ಮನೆತನದ ಮರ್ಯಾದೆಯ ಪ್ರಶ್ನೆ. ಒಂದು ರವಿಕೆಯ ಕಂಕುಳು ಬಿಟ್ಟರೂ ಅದರ ಚೂರನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಪೇಟೆಗೆ ಇಳಿಯುವಳು. ದಾರದ ಅಂಗಡಿಯವನು ತೋರಿಸಿದ ಉಂಡೆಗಳನ್ನೆಲ್ಲ ಬಾಗಿಲ ಬೆಳಕಿಗೆ ಹಿಡಿದು ನೋಡುವಳು. ಮಂಜು ಮುಸುಕಿದ ದಿನವಾದರೆ "ಇವತ್ತು ಬೆಳಕು ಸುಳ್ಳು ಹೇಳುತ್ತೆ" ಎಂದು ವಾಪಸು ಬರುವಳು. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ನೀಲಿ ಸ್ವೆಟರಿನ ಮೊಣಕೈ ಹರಿಯಿತು. ನಾನೇ ಜಾಣೆಯೆಂದುಕೊಂಡು ಹಸಿರು ಉಣ್ಣೆಯಿಂದ ಹೊಲಿದುಕೊಂಡು ಶಾಲೆಗೆ ಹೋದೆ. ಸಂಜೆ ಅಮ್ಮ ಅದನ್ನು ನೋಡಿ, "ಊರಿಗೆಲ್ಲ ಹರಿದಿರೋದನ್ನ ತೋರಿಸ್ಕೊಂಡು ಬಂದ್ಯಾ?" ಎಂದು ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ನೀಲಿಯಲ್ಲಿ ಹೊಲಿದಳು. ನನಗೇನೋ ನನ್ನ ಹಸಿರೇ ಚೆನ್ನಾಗಿತ್ತು ಅನ್ನಿಸಿತ್ತು. ಆದರೆ ಅದನ್ನು ಹೇಳುವ ಧೈರ್ಯ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಅಮ್ಮ ಗುಂಡ್ಲುಪೇಟೆಯ ಕಡೆಯವಳು. ಅಪ್ಪ ಕೂನೂರಿನಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿದ್ದರು. ಅಮ್ಮ ಮದುವೆಯಾಗಿ ಬೆಟ್ಟ ಹತ್ತಿ ಬಂದಾಗ ಸೀರೆಯ ಪೆಟ್ಟಿಗೆಯ ಜೊತೆ ತನ್ನ ತಮ್ಮ ನಾಗರಾಜನನ್ನೂ ಕರೆತಂದಳಂತೆ. ಅವರ ತಾಯಿ ಇರಲಿಲ್ಲ. ಹಾಗಾಗಿ ನನ್ನ ಸೋದರಮಾವ ನಮ್ಮ ಮನೆಯಲ್ಲೇ ಬೆಳೆದ, ನಮ್ಮ ಮನೆಯಲ್ಲೇ ದೊಡ್ಡವನಾದ, ನಮ್ಮ ಮನೆಯಲ್ಲೇ ಅವನ ಕೂದಲು ನೆರೆಯಿತು. ಮದುವೆಯ ಮಾತು ಬಂದಾಗಲೆಲ್ಲ ಒಂದಲ್ಲ ಒಂದು ಅಡ್ಡಿ. ಒಂದು ಹೆಣ್ಣು ಉದ್ದ ಜಾಸ್ತಿ, ಇನ್ನೊಂದರ ಅಣ್ಣಂದಿರು ಜಗಳಗಂಟರು. ಅಡ್ಡಿಗಳನ್ನು ಹುಡುಕುತ್ತಿದ್ದವಳು ಅಮ್ಮನೇ ಎನ್ನುವುದು ಅಪ್ಪನಿಗೆ ಗೊತ್ತಿತ್ತು. ಮಾವನಿಗೂ ಗೊತ್ತಿದ್ದಿರಬೇಕು.

ಮಾವ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಕೂನೂರಿನ ಅರ್ಧ ಜನ ಅವನ ಕೈಯಲ್ಲಿ ಕ್ಲಚ್ಚು ಬಿಡುವುದನ್ನು ಕಲಿತವರು. ಊರಿಗೆಲ್ಲ ಅವನು 'ಮಾಸ್ಟರ್'. ತಾನು ಮಾತ್ರ ಜೀವಮಾನದಲ್ಲಿ ಯಾವ ಬಸ್ಸನ್ನೂ ಹಿಂದೆ ಹಾಕಿದವನಲ್ಲ. "ಮೆದುವಾ, ಮೆದುವಾ" ಎಂದು ತಮಿಳಿನಲ್ಲಿ ಜಪ ಮಾಡುತ್ತ, ನಿಧಾನವೇ ದೇವರೆಂಬಂತೆ ಓಡಿಸುತ್ತಿದ್ದ.

ಆಗ ನಾನು ಒಂದು ಟೀ ಬ್ರೋಕರ್ ಕಂಪನಿಯಲ್ಲಿ ಗುಮಾಸ್ತೆ. ಡ್ರೈವಿಂಗ್ ಮಾಸ್ಟರ್ ಸೋದರಸೊಸೆಗೆ ಡ್ರೈವಿಂಗ್ ಬರುವುದಿಲ್ಲವೆಂದರೆ ಸ್ಕೂಲಿಗೇ ಕೆಟ್ಟ ಹೆಸರೆಂದು ಮಾವ ನನ್ನನ್ನೂ ಬೆಳಗಿನ ಕ್ಲಾಸಿಗೆ ಸೇರಿಸಿಕೊಂಡ. ಒಂದೇ ಕಾರು, ಇಬ್ಬರು ಕಲಿಯುವವರು. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದೆ ಕೂರಬೇಕು. ನನಗೋ ಹಿಂದೆ ಕೂತರೆ ಎರಡನೇ ತಿರುವಿಗೇ ಹೊಟ್ಟೆ ತೊಳಸುತ್ತಿತ್ತು. ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಮೂಸುತ್ತ ಕೂರುತ್ತಿದ್ದೆ. ಆ ನಿಂಬೆಹಣ್ಣಿನ ಮರೆಯಿಂದಲೇ ನಾನು ಎಲ್ಲವನ್ನೂ ನೋಡಿದ್ದು.

ನನ್ನ ಜೊತೆ ಕಲಿಯುತ್ತಿದ್ದವರು ಸರೋಜಾ ಸಿಸ್ಟರ್. ಅರವಂಕಾಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನೀಲಗಿರಿಯ ಬಡಗರವರು, ಕೇತಿಯ ಕಡೆ ಅವರ ಹಟ್ಟಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಒಂದು ತುಂಡು ಟೀ ತೋಟ, ಒಂದು ಜೀಪು. ಹಸಿರೆಲೆಯನ್ನು ಫ್ಯಾಕ್ಟರಿಗೆ ಸಾಗಿಸಲು ಡ್ರೈವರುಗಳನ್ನು ಬೇಡಿ ಬೇಡಿ ಸಾಕಾಗಿ ತಾವೇ ಕಲಿಯಲು ಬಂದಿದ್ದರು. ನಮ್ಮ ಜೊತೆ ಕನ್ನಡದಲ್ಲೇ ಮಾತಾಡುವರು. ಗಾಬರಿಯಾದರೆ ಮಾತ್ರ ಬಡಗ ಮಾತು ಹೊರಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಏರಿನಲ್ಲಿ ಅವರ ಗಾಡಿ ನಿಂತುಹೋಯಿತು. ಹಿಂದೆ ಬಸ್ಸು, ಅದರ ಹಿಂದೆ ಎಲೆ ತುಂಬಿದ ಲಾರಿ, ಎರಡೂ ಹಾರ್ನು ಹೊಡೆಯುತ್ತಿದ್ದವು.

"ಅಯ್ಯೋ ಹೆತ್ತೆ!" ಎಂದು ಸಿಸ್ಟರ್ ತಮ್ಮ ಕುಲದೇವತೆಯನ್ನೇ ಕರೆದರು. "ಎನಗೆ ಆಗೋದಿಲ್ಲ ಮಾಸ್ಟರ್, ನೀವೇ ಬನ್ನಿ ಈ ಕಡೆ!"

ಅದೇ ಜಾಗದಲ್ಲಿ ಹಿಂದಿನ ದಿನ ನಾನು ಗಾಡಿ ನಿಲ್ಲಿಸಿದ್ದಾಗ ಮಾವ, "ನಿನ್ನನ್ನ ಹೆತ್ತಿದ್ದು ನನ್ನಕ್ಕನೇನಾ?" ಎಂದು ಕೂಗಿದ್ದ. ಇವತ್ತು ಕೈ ಕಟ್ಟಿಕೊಂಡು ಕೂತು ಹೇಳಿದ: "ಅವರು ಹಾರ್ನ್ ಹೊಡೀಲಿ ಸಿಸ್ಟರ್, ಅದು ಅವರ ಕೆಲಸ. ನೀವು ನಿಮ್ಮ ಕೆಲಸ ಮಾಡಿ. ಅವಸರ ಇಲ್ಲ."

ನಾನು ನಿಂಬೆಹಣ್ಣನ್ನು ಮೂಗಿನಿಂದ ತೆಗೆದು ಮಾವನ ಹಿಂದಲೆಯನ್ನೇ ನೋಡಿದೆ. ಇವನು ನನ್ನ ಮಾವನೇ ಹೌದಾ?

ಇದೆಲ್ಲ ಆಗುತ್ತಿರುವಾಗಲೇ ಮಾವ ಸ್ಪೋರ್ಟ್ಸ್ ಕಾರು ಕೊಂಡದ್ದು. ಎಸ್ಟೇಟ್ ಮ್ಯಾನೇಜರ್ ಒಬ್ಬರು ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಅವರ ಶೆಡ್ಡಿನಲ್ಲಿ ಹಳೆಯ ವಿದೇಶಿ ಕಾರೊಂದಿತ್ತು. ಎರಡೇ ಸೀಟು, ಮಡಚುವ ಕ್ಯಾನ್ವಾಸಿನ ಚಾವಣಿ, ನೆಲಕ್ಕೆ ಕೂತಂತಿರುವ ಆಕಾರ. ಜೋರಾಗಿ ಓಡಿಸುವ ಹುಡುಗರ ಕೈಗೆ ಅದನ್ನು ಕೊಡಲು ಅವರಿಗೆ ಮನಸ್ಸಿರಲಿಲ್ಲ. ಜೋರಾಗಿ ಓಡಿಸುವುದಿಲ್ಲ ಎನ್ನುವ ಅರ್ಹತೆಯ ಮೇಲೆ ಸ್ಪೋರ್ಟ್ಸ್ ಕಾರು ಪಡೆದವನು ಲೋಕದಲ್ಲಿ ನನ್ನ ಮಾವ ಒಬ್ಬನೇ ಇರಬೇಕು. ಅವನು ಅದನ್ನು ಎತ್ತಿನ ಗಾಡಿಯ ವೇಗದಲ್ಲಿ ಮನೆಗೆ ತಂದು ನಿಲ್ಲಿಸಿದ. ಅಪ್ಪ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದರಲ್ಲಿ ನಾವು ನಾಲ್ಕು ಜನ ಎಲ್ಲಿ ಕೂರೋದು?" ಎಂದು ಕೇಳಿದರು. ಅಮ್ಮ ಸೆರಗು ಸಿಕ್ಕಿಸಿಕೊಂಡಳು. ಒಳಗೆ ಹೋಗಿ ರೊಟ್ಟಿ ತಟ್ಟತೊಡಗಿದಳು.

ಹೊರಗಿನ ಬಣ್ಣ ಚೆನ್ನಾಗಿಯೇ ಇತ್ತು. ಒಳಗೆ ಮಾತ್ರ ಶೆಡ್ಡಿನ ಇಲಿಗಳು ಸೀಟಿನಲ್ಲಿ ಸಂಸಾರ ಹೂಡಿದ್ದವು. ಮಾವ ಬಸ್‌ಸ್ಟ್ಯಾಂಡಿನ ಹಿಂದಿದ್ದ ಕುಶನ್ ಅಂಗಡಿಗೆ ಹೋದ. ಅಂಗಡಿಯ ಬಷೀರ್ ಭಾಯಿ ಗೂಡಲೂರಿನವರು. ಮಲಯಾಳ, ತಮಿಳು, ಕನ್ನಡ ಮೂರನ್ನೂ ಕಲಸಿ ಮಾತಾಡುವರು. ಕಪ್ಪು ಚರ್ಮ ಎಂದು ತೀರ್ಮಾನವಾಯಿತು. ದಾರ ಯಾವುದು ಎಂದರು.

"ಬೇರೆ ಬಣ್ಣ ಹಾಕಿದ್ರೆ ದುಡ್ಡು ಜಾಸ್ತಿಯಾ ಭಾಯಿ? ಯಾಕೆ?"

"ಮಾಸ್ಟರ್, ಕಪ್ಪಿಗೆ ಕಪ್ಪು ನೂಲು ಅಂದ್ರೆ ರೇಡಿಯೋದಲ್ಲಿ ಪಾಟ್ಟು ಕೇಳ್ಕೊಂಡು ಹೊಲೀತೀನಿ. ಸ್ವಲ್ಪ ಕೋಣಲಾದ್ರೂ, ಸೊಟ್ಟ ಆದ್ರೂ, ಯಾರಿಗೂ ತೆರಿಯಲ್ಲ. ಕೆಂಪು ನೂಲು ಹಾಕಿದ್ರೆ ನನ್ನ ಕೈ ಎಲ್ಲೆಲ್ಲಿ ನಡುಗ್ತೋ ಅಷ್ಟೂ ಊರಿಗೆಲ್ಲ ಕಾಣುತ್ತೆ. ಆ ಭಯಕ್ಕೇ ಜಾಸ್ತಿ ದುಡ್ಡು."

ಮಾವ ಈ ಮಾತನ್ನು ಮನೆಗೆ ಬಂದು ಹೇಳಿದಾಗ ಅಪ್ಪ, "ಒಳ್ಳೆ ವ್ಯಾಪಾರಸ್ಥ" ಎಂದು ಮೆಚ್ಚಿಕೊಂಡರು. ಮಾವನ ಜೇಬಿನಲ್ಲಿ ಮೂರು ದಾರದ ತುಂಡುಗಳಿದ್ದವು, ಬಿಳಿ, ಹಳದಿ, ಕೆಂಪು. ಮರುದಿನ ಬೆಳಿಗ್ಗೆ ಕ್ಲಾಸು ಮುಗಿದ ಮೇಲೆ ಗಾಡಿಯನ್ನು ಒಂದು ಕಡೆ ನಿಲ್ಲಿಸಲು ಹೇಳಿ, ಅವನ್ನು ಡ್ಯಾಶ್‌ಬೋರ್ಡಿನ ಮೇಲೆ ಸಾಲಾಗಿ ಇಟ್ಟ.

"ಸುಮ್ನೆ ಕೇಳ್ತಿದೀನಿ ಸಿಸ್ಟರ್. ಕಪ್ಪಿನ ಮೇಲೆ ಯಾವುದು ಚೆನ್ನಾಗಿರುತ್ತೆ?"

ಸರೋಜಾ ಸಿಸ್ಟರ್ ಮೂರನ್ನೂ ಒಂದೊಂದಾಗಿ ತಮ್ಮ ಕಪ್ಪು ಕೈಚೀಲದ ಮೇಲಿಟ್ಟು ನೋಡಿದರು. "ಕೆಂಪು ಇರಲಿ ಮಾಸ್ಟರ್. ಬಿಳಿ ಮಾಸುತ್ತೆ. ಹಳದಿ ನೋಡಿದ್ರೆ ನಂಗೆ ಕಾಮಾಲೆ ರೋಗಿಗಳು ನೆನಪಾಗ್ತಾರೆ."

ಮಾವ ಬಹಳ ಹೊತ್ತು ನಕ್ಕ. ಅಷ್ಟು ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ನನ್ನನ್ನು ಮಾತ್ರ ಕೇಳಲೇ ಇಲ್ಲ. ಕೇಳಿದ್ದರೆ ನಾನು ಹಳದಿ ಎನ್ನುತ್ತಿದ್ದೆ.

ಆವತ್ತು ಊಟದ ಹೊತ್ತಿಗೆ ವಿಷಯ ಅಮ್ಮನ ಮುಂದೆ ಬಂತು.

"ಕೆಂಪು ದಾರಾನಾ? ಹೊಲಿಗೆ ಎದ್ದು ಕಾಣಲ್ವಾ?" ಅಂದಳು ಅಮ್ಮ.

"ಕಾಣ್ಲಿ ಅಂತಾನೇ ಅಕ್ಕ."

"ಅದಕ್ಕೆ ಮೇಲೆ ದುಡ್ಡು ಬೇರೆ. ಹೋಗ್ಲಿ, ಅಷ್ಟು ಆಸೆ ಇದ್ರೆ ನೀನು ಕೂತ್ಕೊಳ್ಳೋ ಸೀಟಿಗೆ ಹಾಕಿಸ್ಕೋ. ಇನ್ನೊಂದಕ್ಕೆ ಕಪ್ಪೇ ಸಾಕು. ಅಲ್ಲಿ ಯಾರು ಕೂರ್ತಾರೆ?"

"ಇಲ್ಲ ಅಕ್ಕ. ಎರಡಕ್ಕೂ ಹಾಕಿಸ್ತೀನಿ."

"ಎರಡನೇದು ಯಾರಿಗೆ ನಾಗಾ?"

ಮಾವ ತಟ್ಟೆಯಲ್ಲಿ ಬೆರಳಾಡಿಸಿದ. ಅಪ್ಪ ಬೇಕಿಲ್ಲದಿದ್ದರೂ ಉಪ್ಪಿನಕಾಯಿ ಕೇಳಿದರು. ಅಮ್ಮ ಉಪ್ಪಿನಕಾಯಿ ಬಡಿಸಿದಳು. ಆ ಉಪ್ಪಿನಕಾಯಿ ತಟ್ಟೆಗೆ ಬೀಳುವಷ್ಟರಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಾಗಿತ್ತು.

ಸೀಟುಗಳು ತಯಾರಾಗಿ ಬಂದವು. ಬಷೀರ್ ಭಾಯಿಯ ಕೈ ನಡುಗಿರಲಿಲ್ಲ. ಮಾವ ದಿನಾ ಬೆಳಿಗ್ಗೆ ಮೆತ್ತನೆಯ ಬಟ್ಟೆಯಿಂದ ಎರಡೂ ಸೀಟುಗಳನ್ನು ಒರೆಸುತ್ತಿದ್ದ, ಕೂರದ ಸೀಟನ್ನು ಇನ್ನೂ ಹೆಚ್ಚು ಹೊತ್ತು ಒರೆಸುತ್ತಿದ್ದ. ಅಮ್ಮನನ್ನು ಒಂದು ಸುತ್ತು ಬಾ ಎಂದು ಕರೆದರೆ "ಸೊಂಟ ನೋವು" ಎನ್ನುವಳು. ಆ ಸೊಂಟ ಮಾರುಕಟ್ಟೆಗೆ ಇಳಿದು ತರಕಾರಿ ಚೀಲ ಹೊತ್ತು ಹತ್ತಿ ಬರುವಾಗ ಒಂದಿಷ್ಟೂ ನೋಯುತ್ತಿರಲಿಲ್ಲ. ನಾನು ಒಂದೆರಡು ಸಲ ಕೂತೆ. ಮೊದಲ ತಿರುವಿಗೇ ಮಾವ ಗಾಬರಿಯಿಂದ "ನಿಂಬೆಹಣ್ಣು ಎಲ್ಲಿ?" ಎಂದು ಕೇಳಿ, ಅರ್ಧ ದಾರಿಯಲ್ಲೇ ಮನೆಗೆ ವಾಪಸು ತಂದು ಬಿಟ್ಟ.

ಸರೋಜಾ ಸಿಸ್ಟರಿಗೆ ಮೊದಲ ಪರೀಕ್ಷೆಯಲ್ಲೇ ಲೈಸೆನ್ಸ್ ಸಿಕ್ಕಿತು. ನಾನು ಫೇಲಾದೆ. ಅವರು ಕ್ಲಾಸಿಗೆ ಬರುವುದು ನಿಂತಿತು. ಮಾವ ಆಗಾಗ ಸಂಜೆ "ಸುಮ್ನೆ ಒಂದು ರೌಂಡ್" ಎಂದು ಅರವಂಕಾಡಿನವರೆಗೆ ಹೋಗಿ, ಎಲ್ಲಿಯೂ ಇಳಿಯದೆ ಹಾಗೆಯೇ ಬರುತ್ತಿದ್ದ. ಒಂದು ದಿನ ಅವನು ಸೀಟು ಒರೆಸುತ್ತಿದ್ದಾಗ ತಡೆಯಲಾರದೆ ಕೇಳಿಬಿಟ್ಟೆ.

"ಮಾವ, ಬಾಯಿಬಿಟ್ಟು ಕೇಳಬಾರದಾ ಅವರನ್ನ?"

"ಏನಂತ ಕೇಳ್ಲಿ ಪುಟ್ಟಿ? ಅವರನ್ನ ಕರ್ಕೊಂಡು ಬಂದು ಎಲ್ಲಿ ಕೂರಿಸ್ಲಿ?"

"ಅಮ್ಮ ಬೇಡ ಅಂದ್ಲಾ?"

"ಅಂದಿದ್ರೆ ತಡ್ಕೋತಿದ್ದೆ. ಜಗಳ ಆದ್ರೂ ಆಡ್ತಿದ್ದೆ. ಏನೂ ಅನ್ನದೆ ಬಿಸಿ ರೊಟ್ಟಿ ಹಾಕ್ತಾಳಲ್ಲ, ಅದು ಕಷ್ಟ." ಬಟ್ಟೆಯನ್ನು ಮಡಚುತ್ತ ಮತ್ತೆ ಹೇಳಿದ: "ನಮ್ಮಮ್ಮ ಹೋದಾಗ ನಂಗೆ ಬುದ್ಧಿ ತಿಳೀದ ವಯಸ್ಸು. ನಂಗೆ ಅಮ್ಮ ಅಂದ್ರೆ ಇವಳ ಮುಖಾನೇ ನೆನಪಾಗೋದು."

ಹೀಗೆಯೇ ಮಳೆಗಾಲ ಕಳೆಯಿತು. ಕ್ಯಾನ್ವಾಸ್ ಚಾವಣಿ ಸೋರಿತು. ಮಾವ ಎರಡನೇ ಸೀಟಿಗೆ ಪ್ಲಾಸ್ಟಿಕ್ ಹೊದಿಸಿ, ತನ್ನ ಸೀಟಿನಲ್ಲಿ ಒದ್ದೆಯಾಗಿ ಕೂತು ಓಡಿಸಿದ.

ಒಂದು ಭಾನುವಾರ ಅಮ್ಮ ಕುಂಬಳಕಾಯಿ ಹೆಚ್ಚುತ್ತಿದ್ದಳು. ಕಾಯಿ ಜಾರಿ ಈಳಿಗೆಮಣೆಯ ಅಲಗು ಅಂಗೈಯನ್ನು ಸೀಳಿತು. ರಕ್ತ ನಿಲ್ಲಲೇ ಇಲ್ಲ. ಟವೆಲ್ಲು ಸುತ್ತಿದರೆ ಟವೆಲ್ಲೇ ಕೆಂಪಾಯಿತು. ಅಪ್ಪ ಊಟಿಗೆ ಹೋಗಿದ್ದರು. ಮಾವ ಕಾರು ತೆಗೆದ. "ಬೇಡ, ಬಸ್ಸಲ್ಲಿ ಹೋಗ್ತೀನಿ" ಎಂದಳು ಅಮ್ಮ, ಮುಖ ಬಿಳಿಚಿಕೊಂಡಿದ್ದರೂ. ನಾನು ಅವಳ ಎರಡೂ ಭುಜ ಹಿಡಿದು ಆ ತಗ್ಗಿನ ಸೀಟಿಗೆ ತಳ್ಳಿದೆ. ಮೂರನೆಯವರಿಗೆ ಜಾಗವಿರಲಿಲ್ಲವಲ್ಲ, ನಾನು ಓಡುತ್ತ ಇಳಿದು ಕೂನೂರಿನ ಆಸ್ಪತ್ರೆಗೆ ಹೋದೆ. ಅಲ್ಲಿ ಅವರಿಬ್ಬರೂ ಇಲ್ಲ. ಒಂದು ಗಳಿಗೆ ದಿಕ್ಕು ತೋಚಲಿಲ್ಲ. ಆಮೇಲೆ ಹೊಳೆಯಿತು. ಅರವಂಕಾಡಿನ ಬಸ್ಸು ಹತ್ತಿದೆ.

ನಾನು ಹೋಗುವ ಹೊತ್ತಿಗೆ ಡಾಕ್ಟರು ಹೊಲಿಗೆ ಹಾಕುತ್ತಿದ್ದರು. ಸರೋಜಾ ಸಿಸ್ಟರ್ ಅಮ್ಮನ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ಅಮ್ಮ ನೋವಿಗೆ ಅಳುತ್ತಿರಬಹುದೆಂದು ನಾನು ಅಂದುಕೊಂಡಿದ್ದರೆ, ಅವಳು ತನ್ನ ಅಂಗೈಯನ್ನೇ ಅಸಮಾಧಾನದಿಂದ ನೋಡುತ್ತಿದ್ದಳು.

"ಕಪ್ಪು ದಾರ ಯಾಕ್ರೀ ಹಾಕ್ತೀರಿ? ಮೈ ಬಣ್ಣದ್ದು ಇರಲ್ವಾ?"

ಡಾಕ್ಟರಿಗೆ ನಗು ಬಂತು. ಸರೋಜಾ ಸಿಸ್ಟರ್ ನಗಲಿಲ್ಲ. "ಬೇಕಂತ್ಲೇ ಹಾಕೋದು ಅಮ್ಮ. ಮೈ ಬಣ್ಣದ್ದು ಹಾಕಿದ್ರೆ ಬಿಚ್ಚೋವಾಗ ಕಾಣಲ್ಲ, ಒಂದು ಒಳಗೇ ಉಳಿದುಬಿಡುತ್ತೆ. ಉಳಿದಿದ್ದು ಕೀವಾಗುತ್ತೆ. ಹೊಲಿಗೆ ಕಾಣ್ತಾ ಇದ್ರೇನೇ ಒಳ್ಳೇದು."

ಬ್ಯಾಂಡೇಜು ಕಟ್ಟಿದ ಮೇಲೆ ಸರೋಜಾ ಸಿಸ್ಟರ್ ಹೊರಗೆ ಬಂದರು. ಬಾಗಿಲ ಬಳಿ ಮಾವ ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನಿಂತಿದ್ದ. "ಏನಿಲ್ಲ ಮಾಸ್ಟರ್, ನರಕ್ಕೆ ಪೆಟ್ಟಾಗಿಲ್ಲ. ಗಾಯ ವಾಸಿಯಾಗುತ್ತೆ. ನೀವು ಕೂತ್ಕೊಳ್ಳಿ ಮೊದ್ಲು, ನಿಮ್ಮ ಮುಖ ನೋಡಿದ್ರೆ ನಿಮಗೇ ಇಂಜೆಕ್ಷನ್ ಕೊಡೋ ಹಾಗಿದೆ," ಎಂದರು. ಮಾವ ಮಾತು ಕೇಳುವ ಹುಡುಗನ ಹಾಗೆ ಬೆಂಚಿನ ಮೇಲೆ ಕೂತ. ಒಳಗಿನಿಂದ ಅಮ್ಮ ಇದನ್ನೆಲ್ಲ ನೋಡುತ್ತಿದ್ದಳು.

ಆ ಸಂಜೆ ನಾನು ಅಮ್ಮನ ತಲೆ ಬಾಚುತ್ತಿದ್ದಾಗ ಅವಳಾಗಿಯೇ ಮಾತು ತೆಗೆದಳು.

"ಎರಡು ಬಸ್ಸು ಹಿಂದೆ ಹಾಕ್ದ ಕಣೇ ಅವನು. ಹಾರ್ನ್ ಹೊಡ್ಕೊಂಡು. ಹೊಸ ಸೀಟಿಗೆಲ್ಲ ರಕ್ತ ಆಗ್ತಿದೆ ಕಣೋ ಅಂದ್ರೆ, ಆಗ್ಲಿ ಬಿಡಕ್ಕ ಅಂದ. ಅಳ್ತಿದ್ದ."

"ಹತ್ತಿರದಲ್ಲೇ ಆಸ್ಪತ್ರೆ ಇತ್ತಲ್ಲಮ್ಮ. ಅಷ್ಟು ದೂರ ಯಾಕೆ ಹೋದ್ರಿ?"

"ನಾನೂ ಅದನ್ನೇ ಯೋಚಿಸ್ತಿದ್ದೆ," ಎಂದಳು ಅಮ್ಮ. "ಹೆದರಿಕೆ ಆದಾಗ ಮನುಷ್ಯ ಎಲ್ಲಿಗೆ ಓಡಿಹೋಗ್ತಾನೆ ನೋಡು."

ಎರಡನೇ ಸೀಟಿನ ಮೇಲೆ ಒಂದು ಕಲೆ ಉಳಿಯಿತು, ಕಪ್ಪು ಚರ್ಮದಲ್ಲಿ ಅಷ್ಟಾಗಿ ಕಾಣದಂಥದ್ದು. ನನ್ನನ್ನು ಕೇಳಿದರೆ, ಅಂದಕ್ಕೋಸ್ಕರವಾದರೆ ಕೆಂಪು ದಾರಕ್ಕೆ ಮೇಲೆ ದುಡ್ಡು ಕೊಡುವುದು ದಂಡವೇ. ಕೂತ ಮೇಲೆ ಅರ್ಧ ಹೊಲಿಗೆ ನಮ್ಮ ಅಡಿಗೇ ಹೋಗುತ್ತದೆ. ಆದರೆ ಮಾವ ಅದನ್ನು ಅಂದಕ್ಕೆ ಹಾಕಿಸಿದವನಲ್ಲ. ಬಾಯಿಬಿಟ್ಟು ಹೇಳಲಾಗದ ಒಂದು ಮಾತನ್ನು ಎಲ್ಲರಿಗೂ ಕಾಣುವ ಹಾಗೆ ಹೊಲಿಸಿ ಮನೆಯ ಮುಂದೆ ನಿಲ್ಲಿಸಿದ್ದ. ಅದನ್ನು ಓದಬೇಕಾಗಿದ್ದವಳು ಅಷ್ಟು ದಿನ ಅತ್ತ ತಿರುಗಿಯೂ ನೋಡಿರಲಿಲ್ಲ, ಅಷ್ಟೇ.

ಹೊಲಿಗೆ ಬಿಚ್ಚಿಸುವ ದಿನ ಬಂತು. ಅಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟುಕೊಂಡು, ಯಾರೂ ಕರೆಯುವ ಮೊದಲೇ ಹೋಗಿ ಕಾರಿನಲ್ಲಿ ಕೂತಿದ್ದಳು. ಮುಂದಿನದನ್ನು ನಾನು ಕಣ್ಣಾರೆ ಕಂಡವಳಲ್ಲ, ಸರೋಜಾ ಸಿಸ್ಟರ್ ಆಮೇಲೆ ಎಷ್ಟೋ ಸಲ ಹೇಳಿ ನಕ್ಕದ್ದು. ಅವರೇ ಒಂದೊಂದಾಗಿ ಹೊಲಿಗೆ ಬಿಚ್ಚಿ, ಕಪ್ಪು ದಾರದ ಚೂರುಗಳನ್ನೆಲ್ಲ ಹತ್ತಿಯ ಮೇಲಿಟ್ಟು ಅಮ್ಮನಿಗೆ ತೋರಿಸಿದರಂತೆ. "ನೋಡಿ, ಒಂದೂ ಒಳಗೆ ಉಳಿದಿಲ್ಲ." ಅಮ್ಮ ಅವನ್ನು ಬಹಳ ಹೊತ್ತು ನೋಡಿದಳಂತೆ. ಆಮೇಲೆ ಕೇಳಿದಳಂತೆ: "ನಿಮ್ಮ ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯುತ್ತೆ?"

"ಮುಗೀತು ಅಮ್ಮ. ಇನ್ನು ಹಟ್ಟಿಗೆ ಹೋಗ್ಬೇಕು."

ಅಮ್ಮ ಎದ್ದು ಹೊರಗೆ ಬಂದು ಮಾವನಿಗೆ ಹೇಳಿದಳಂತೆ: "ಇವರನ್ನ ನಮ್ಮನೆಗೆ ಕರ್ಕೊಂಡು ಬಾ. ಊಟ ಆದ್ಮೇಲೆ ಅವರ ಹಟ್ಟಿಗೆ ಬಿಟ್ಟು ಬರುವಂತೆ. ನಾನು ರೈಲಲ್ಲಿ ಬರ್ತೀನಿ."

"ಅಕ್ಕಾ, ಒಬ್ಬಳೇ ಹೇಗೆ..."

"ಒಬ್ಬಳೇ ಏನು, ರೈಲಿನ ತುಂಬ ಜನ ಇರ್ತಾರೆ. ರೈಲು ಹತ್ತಿ ಎಷ್ಟು ವರ್ಷ ಆಯ್ತು. ಆ ಕಾರಲ್ಲಿ ಕೂತ್ರೆ ನಂಗೆ ನಿಜವಾಗ್ಲೂ ಸೊಂಟ ನೋವು ಬರುತ್ತೆ ಕಣೋ."

ಹಾಗೆಂದವಳೇ ಸೆರಗು ಹೊದ್ದುಕೊಂಡು ಸ್ಟೇಷನ್ನಿನ ಕಡೆ ನಡೆದುಬಿಟ್ಟಳಂತೆ.

ಮದುವೆ, ರಿಜಿಸ್ಟ್ರಾರ್ ಆಫೀಸು, ಹಟ್ಟಿಯ ಹಿರಿಯರು ಬಂದು ಕೂತು ಮಾತಾಡಿದ್ದು, ಅದೆಲ್ಲ ಆಮೇಲಿನ ಮಾತು. ಅವುಗಳಲ್ಲಿ ಗಲಾಟೆಯೂ ಇತ್ತು, ಸಿಹಿಯೂ ಇತ್ತು. ನನಗೆ ಹೆಚ್ಚು ನೆನಪಿರುವುದು ಆ ಸಂಜೆ. ಪುಟಾಣಿ ರೈಲು ಎಂದಿನಂತೆ ತಡವಾಗಿ ಬಂದಿತ್ತು. ಅಮ್ಮ ಸ್ಟೇಷನ್ನಿನಿಂದ ಏರು ಹತ್ತಿ ಏದುಸಿರು ಬಿಡುತ್ತ ಮನೆಗೆ ಬಂದಳು. ಕೈಯಲ್ಲಿ ಬೇಕರಿಯ ವರ್ಕಿ ಬಿಸ್ಕತ್ತಿನ ಪೊಟ್ಟಣವಿತ್ತು. ಸೀರೆಯನ್ನೂ ಬದಲಾಯಿಸದೆ ಒಲೆಯ ಮುಂದೆ ನಿಂತಳು. ಗಾಯದ ಕೈಗೆ ನೀರು ತಾಕಿಸಬೇಡವೆಂದು ನಾನು ಅಕ್ಕಿ ತೊಳೆದುಕೊಟ್ಟೆ. ಅನ್ನ ಉಕ್ಕಿಬಂದು, ಇಳಿದು, ಆರಿಹೋಗುವವರೆಗೂ ಕಾರು ಬರಲಿಲ್ಲ. "ಎಲ್ಲಿ ಹೋದ್ರು ಇವರು?" ಎಂದು ನಾನು ಕಿಟಕಿಗೆ ಹೋದರೆ, ಅಮ್ಮ, "ನಿಧಾನ ಬರ್ಲಿ ಬಿಡು," ಎಂದಳು.

ಕೊನೆಗೆ ಕಾರು ಬಂತು. ಮಾವ ಇಳಿದ. ಸರೋಜಾ ಸಿಸ್ಟರ್ ಇಳಿದು, ಗೇಟಿನ ಹತ್ತಿರ ಬಂದು, ಮುಂದೆ ಬರುವುದೋ ಬೇಡವೋ ಎಂದು ತಿಳಿಯದೆ ಕೈಚೀಲವನ್ನು ಎದೆಗೊತ್ತಿಕೊಂಡು ನಿಂತರು. ಅಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅವಳು ಹೊರಗಿನವರನ್ನು, ಅವರು ಎಷ್ಟೇ ಚಿಕ್ಕವರಿರಲಿ, ನೀವು ತಾವು ಎಂದೇ ಮಾತಾಡಿಸುವವಳು. ಮನೆಯವರಿಗೆ ಮಾತ್ರ ಬೇರೆ ಮಾತು.

"ಅಲ್ಲೇ ಯಾಕೆ ನಿಂತೆ? ಮಂಜು ಬೀಳ್ತಿದೆ, ಒಳಗೆ ಬಾ," ಎಂದಳು ಅಮ್ಮ.

ಸರೋಜಾ ಸಿಸ್ಟರ್ ಚಪ್ಪಲಿ ಬಿಟ್ಟರು. ಮಾವ ಅಲ್ಲೇ ಕೂತು, ಏನೂ ಆಗಿರದ ಟೈರನ್ನು ಬಹಳ ಹೊತ್ತು ಒತ್ತಿ ಒತ್ತಿ ನೋಡುತ್ತಿದ್ದ.